ಕಡಲು ಕೆತ್ತಿದ ಜಗಲಿಗಳು

ರಜೆ ಬಂತೆಂದರೆ ಕೆಂಗೇರಿ, ವಿಜಯನಗರದ ಕಡೆಯ ನಮ್ಮ ಮನೆಗಳವರು ಮಕ್ಕಳೊಂದಿಗೆ ಉಡುಪಿ, ಮಂಗಳೂರಿಗೆ ಹೊರಡುವುದುಂಟು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ, ಫೋಟೋ ತೆಗೆದು ಮರಳುತ್ತಾರೆ. ಸಹೋದರಿಯರೇ, ಈ ಸಲ ಹೋದರೆ ಅಲ್ಲಿನ ಬಂಡೆಗಳನ್ನು ತುಸು ಹೊತ್ತು ಕುಳಿತು ನೋಡಿರಿ.

ಕಂಬಗಳಂತಹ ಕಲ್ಲುಗಳನ್ನು ಎಲ್ಲರೂ ತೋರಿಸುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾರಸ ತಣಿದು ಬಿರಿದುದರಿಂದ ಆದವು ಅವು. ನಾನು ಹೇಳಹೊರಟಿರುವುದು ಅದನ್ನಲ್ಲ. ದ್ವೀಪದ ನೆತ್ತಿ ಸುಮಾರು 10 ಮೀಟರ್ ಎತ್ತರವಿದೆ. ಅದರ ಸುತ್ತ ಸಮತಟ್ಟಾದ ಕಲ್ಲಿನ ಜಗಲಿಗಳಿವೆ. ಒಂದು ನೀರಿನ ಮಟ್ಟದಲ್ಲೇ ಇದೆ, ಉಳಿದವು ಸುಮಾರು 1.5, 3 ಮತ್ತು 6 ಮೀಟರ್ ಎತ್ತರದಲ್ಲಿ.

ಜಗಲಿ ಕೆತ್ತಿದ್ದು ಅಲೆಗಳು. ಅಲೆ ಬರಿಗೈಯಲ್ಲಿ ಬರುವುದಿಲ್ಲ. ಮರಳು, ಕಲ್ಲುಗಳನ್ನು ಹೊತ್ತು ತಂದು ಬಂಡೆಯ ಬುಡವನ್ನು ಉಜ್ಜುತ್ತದೆ. ಬುಡ ಟೊಳ್ಳಾದಾಗ ಮೇಲಿನ ಬಂಡೆ ಕುಸಿಯುತ್ತದೆ. ಬಂಡೆ ಹಿಂದೆ ಸರಿದಂತೆ ಅದರ ಕಾಲಬುಡದಲ್ಲಿ ಚಪ್ಪಟೆ ನೆಲ ಉಳಿಯುತ್ತದೆ. ಆದರೆ ಅಲೆ ಕೆತ್ತುವುದು ನೀರಿನ ಮಟ್ಟದಲ್ಲಿ ಮಾತ್ರ. ಹಾಗಾದರೆ 6 ಮೀಟರ್ ಮೇಲೆ ಜಗಲಿ ಹೇಗೆ ಬಂತು? ಒಂದೋ ಕಡಲು ಇಳಿದಿರಬೇಕು, ಇಲ್ಲವೇ ನೆಲ ಎದ್ದಿರಬೇಕು. ಪ್ರತಿ ಸಲವೂ ಹಳೆಯ ಜಗಲಿ ಒಣಗಿ ಮೇಲುಳಿದು, ಅಲೆ ಕೆಳಗೆ ಹೊಸದನ್ನು ಆರಂಭಿಸುತ್ತದೆ. ಆದ್ದರಿಂದ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನದೇ ಹಿರಿಯದು.

ಎರಡೂ ನಡೆಯುವಂಥದ್ದೇ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನೆಲ ಏಳುವುದನ್ನು ಜಪಾನಿನ ನೋಟೊದಲ್ಲಿ ಜನ ಕಣ್ಣಾರೆ ಕಂಡರು. 2024ರ ಜನವರಿ 1ರ ಭೂಕಂಪದಲ್ಲಿ ಅಲ್ಲಿನ ಕರಾವಳಿ ಕೆಲವೆಡೆ ಸುಮಾರು 4 ಮೀಟರ್ ಮೇಲೆದ್ದು, ಮೀನುಗಾರರ ಬಂದರುಗಳೇ ಒಣಗಿ ನಿಂತವು. ನಮ್ಮಲ್ಲಿಯೂ ಮೂಲ್ಕಿಯಿಂದ ಬೆಂಗಳೂರಿನ ಉತ್ತರಕ್ಕೆ ಹಾದು ಪುಲಿಕಾಟ್ ಸರೋವರದವರೆಗೆ ನೆಲ ಗೂನಿನಂತೆ ಮೆಲ್ಲನೆ ಏಳುತ್ತಿದೆ ಎಂದು ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಆರ್. ಸುಬ್ರಹ್ಮಣ್ಯ ಅವರು 1990ರ ದಶಕದಲ್ಲಿ ವಾದಿಸಿದರು.

ಮದ್ರಸದಲ್ಲಿ ಇಬ್ನು ಸೀನಾರನ್ನು ನಾವು ವೈದ್ಯರೆಂದಷ್ಟೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಭೂಕಂಪವು ನೆಲವನ್ನು ಎತ್ತುವುದರಿಂದಲೂ ನೀರು ಅದನ್ನು ಕೊರೆಯುವುದರಿಂದಲೂ ಬೆಟ್ಟಗಳಾಗುತ್ತವೆ, ಅದಕ್ಕೆ ದೀರ್ಘ ಕಾಲ ಬೇಕು ಎಂದು 11ನೇ ಶತಮಾನದಲ್ಲೇ ಬರೆದವರು ಅವರು. ಅಲ್ಲಾಹನ ಸೃಷ್ಟಿಯನ್ನು ಪರಿಶೀಲಿಸಿ ನೋಡುವುದೂ ನಮ್ಮ ಪರಂಪರೆಯದೇ ಎಂದು ಮಕ್ಕಳಿಗೆ ತಿಳಿದಿರಲಿ.

ಉಳ್ಳಾಲದಲ್ಲಿ ಬಂಧುಗಳಿರುವವರು ಕೇಳಿಯಾರು: ನೆಲ ಏಳುವುದಾದರೆ ಮಳೆಗಾಲದಲ್ಲಿ ಮನೆಗಳು, ತೆಂಗಿನ ಮರಗಳು ಏಕೆ ಕಡಲ ಪಾಲಾಗುತ್ತವೆ? ಲೆಕ್ಕ ಹಾಕಿರಿ. ವರ್ಷಕ್ಕೆ ಒಂದು ಮಿಲಿಮೀಟರ್ ಎದ್ದರೂ 6 ಮೀಟರ್ ಏರಲು 6,000 ವರ್ಷ ಬೇಕು. ಬಂಡೆಯಿಲ್ಲದ ಮರಳಿನ ದಂಡೆಯನ್ನು ಅಲೆ ಒಂದೇ ರಾತ್ರಿಯಲ್ಲಿ ಕೊಂಡೊಯ್ಯುತ್ತದೆ. ಮೇಲಾಗಿ ಈಗ ಜಗತ್ತಿನ ಕಡಲುಗಳು ಸರಾಸರಿ ವರ್ಷಕ್ಕೆ 3 ಮಿಲಿಮೀಟರ್‌ಗೂ ಹೆಚ್ಚು ಏರುತ್ತಿವೆ. ನೆಲ ಆ ಓಟಕ್ಕೆ ಸಾಟಿಯಲ್ಲ.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳಿರುವುದಿಲ್ಲ. ಇಳಿತದ ಹೊತ್ತಿಗೆ ಹೋದರೆ ಕೆಳಗಿನ ಜಗಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಪಾಚಿ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿರಿ.