ಹೂಂಗುಟ್ಟುವ ಯಂತ್ರ

ಕತೆ ಹೇಳುವ ಮುಂಚೆ ನಮ್ಮಜ್ಜಿ ಒಂದು ಷರತ್ತು ಹಾಕುತ್ತಿದ್ದಳು. ಕೇಳುವವರಲ್ಲಿ ಒಬ್ಬರಾದರೂ ಹೂಂಗುಟ್ಟುತ್ತಿರಬೇಕು. ನಿದ್ದೆಗಣ್ಣಲ್ಲಿ ಹೂಂ ಅಂದರೂ ನಡೆಯುತ್ತಿತ್ತು, ಆದರೆ ಹೂಂ ನಿಂತರೆ ಕತೆಯೂ ನಿಂತಂತೆಯೇ. ಅರ್ಧ ಬೆಟ್ಟ ಹತ್ತಿದ ರಾಜಕುಮಾರ ಮರುದಿನ ರಾತ್ರಿಯವರೆಗೆ ಅಲ್ಲೇ ನೇತಾಡುತ್ತಿದ್ದ. ಕತೆ ನಮಗೆ ಅರ್ಥವಾಯಿತೋ ಇಲ್ಲವೋ ಎಂದು ಅಜ್ಜಿ ಒಮ್ಮೆಯೂ ಕೇಳಲಿಲ್ಲ. ಅವಳಿಗೆ ಬೇಕಿದ್ದದ್ದು ಆ ಸದ್ದು.

1966ರ ಜನವರಿಯಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ ಒಂದು ಪ್ರೋಗ್ರಾಮಿನ ವಿವರ ಪ್ರಕಟಿಸಿದರು. ಅದು ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಇಷ್ಟೇ ಕೆಲಸ, ಹೂಂಗುಟ್ಟುವುದು. ಹೆಸರು ಎಲಿಜಾ. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದಲ್ಲಿ ಹೂ ಮಾರುತ್ತಿದ್ದ ಹುಡುಗಿ ದೊಡ್ಡವರ ಮನೆಯ ಮಾತಿನ ಧಾಟಿ ಕಲಿತು ಎಲ್ಲರನ್ನೂ ನಂಬಿಸುತ್ತಾಳಲ್ಲ, ಅವಳ ಹೆಸರೇ ಇದು. ಇಂದು ನಮ್ಮ ಫೋನಿನಲ್ಲಿ 'ಹೇಗಿದ್ದೀರಿ ಇವತ್ತು?' ಎಂದು ಕೇಳುವ, ಸಿಗರೇಟು ಬಿಡಿಸಲು, ನಡೆಸಲು, ನಿದ್ದೆ ಮಾಡಿಸಲು ನೋಡುವ ಆ್ಯಪ್‌ಗಳಿಗೆಲ್ಲ ಇವಳೇ ಮುತ್ತಜ್ಜಿ. ಹಾಗಾಗಿ ಮೊದಲು ಇವಳ ಹೊಟ್ಟೆಯನ್ನೇ ಬಿಚ್ಚಿ ನೋಡೋಣ.

ಕೋಣೆ ತುಂಬುವ ಐಬಿಎಂ 7094 ಕಂಪ್ಯೂಟರು, ಅದಕ್ಕೆ ತಂತಿಯಿಂದ ಜೋಡಿಸಿದ ಟೈಪ್‌ರೈಟರು. ನೀವು ಒಂದು ವಾಕ್ಯ ಟೈಪು ಮಾಡಿದರೆ ಪ್ರೋಗ್ರಾಮು ಅದರಲ್ಲಿ ತನಗೆ ಗುರುತಿರುವ ಪದ ಇದೆಯೇ ಎಂದು ಹುಡುಕುತ್ತದೆ. ಪ್ರತಿ ಪದಕ್ಕೂ ಒಂದು ದರ್ಜೆ. ಎರಡು ಪದ ಸಿಕ್ಕರೆ ದೊಡ್ಡ ದರ್ಜೆಯದು ಗೆಲ್ಲುತ್ತದೆ. ಆಮೇಲೆ ವಾಕ್ಯವನ್ನು ಆ ಪದದ ಹಿಂದೆ ಮುಂದೆ ಕತ್ತರಿಸಿ, 'ನನ್ನ' ಇದ್ದಲ್ಲಿ 'ನಿಮ್ಮ' ಹಾಕಿ, ಸಿದ್ಧವಿರುವ ಅಚ್ಚಿಗೆ ಸುರಿದು ಪ್ರಶ್ನೆಯಾಗಿ ವಾಪಸು ಕೊಡುತ್ತದೆ. ಯಾವ ಪದವೂ ಸಿಗದಿದ್ದರೆ 'ಮುಂದೆ ಹೇಳಿ' ಎನ್ನುವ ಧಾಟಿಯ ಒಂದು ಮಾತು, ಅಂದರೆ ಶುದ್ಧ ಹೂಂ. ಜೊತೆಗೆ ಇನ್ನೊಂದು ಜಾಣತನವೂ ಇತ್ತು. 'ನನ್ನ' ಎಂದು ನೀವು ಹೇಳಿದ ಕೆಲವು ಸಂಗತಿಗಳನ್ನು ಜೇಬಿಗೆ ಹಾಕಿಕೊಂಡು, ಮಾತು ಒಣಗಿದಾಗ 'ಇದಕ್ಕೂ ಆಗ ಹೇಳಿದಿರಲ್ಲ, ಅದಕ್ಕೂ ಸಂಬಂಧ ಇದೆಯೇ?' ಎಂದು ಹೊರತೆಗೆಯುತ್ತಿತ್ತು. ನಾವು ಹೇಳಿದ್ದನ್ನು ಯಾರೋ ನೆನಪಿಟ್ಟುಕೊಂಡಿದ್ದಾರೆ ಎಂದರೆ ಯಾರು ತಾನೇ ಕರಗುವುದಿಲ್ಲ!

ಎಲಿಜಾಳಿಗೆ ಮನೋಚಿಕಿತ್ಸಕರ ಪಾತ್ರ ಕೊಟ್ಟದ್ದರಲ್ಲಿ ವೈಜೆನ್‌ಬಾಮ್ ಇನ್ನೂ ಚತುರರು. ಕಾರ್ಲ್ ರೋಜರ್ಸ್ ಪಂಥದ ಮನಶ್ಶಾಸ್ತ್ರಜ್ಞರು ಸಲಹೆ ಕೊಡುವುದಿಲ್ಲ. ಬಂದವರ ಮಾತನ್ನೇ ಅವರಿಗೆ ತಿರುಗಿಸಿ ಹಿಡಿಯುತ್ತಾರೆ. ಲೋಕಜ್ಞಾನ ಒಂದಿಷ್ಟೂ ಇಲ್ಲದಿದ್ದರೂ ಮರ್ಯಾದೆಯಿಂದ ಮಾತಾಡಿಸಬಹುದಾದ ಪಾತ್ರ ಇದೊಂದೇ. ಬಸ್ ಕಂಡಕ್ಟರನ ಪಾತ್ರ ಕೊಟ್ಟಿದ್ದರೆ ಎಲಿಜಾ ಮೊದಲ ಸ್ಟಾಪಿನಲ್ಲೇ ಸಿಕ್ಕಿಬೀಳುತ್ತಿದ್ದಳು.

ಆಮೇಲೆ ನಡೆದದ್ದನ್ನು ವೈಜೆನ್‌ಬಾಮ್ 1976ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ಕಾರ್ಯದರ್ಶಿ ಈ ಪ್ರೋಗ್ರಾಮು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡವರು. ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವರು. ಒಂದು ದಿನ ಅದರ ಜೊತೆ ನಾಲ್ಕು ಮಾತು ಟೈಪು ಮಾಡಿದ ಮೇಲೆ, ಸ್ವಲ್ಪ ಕೋಣೆಯಿಂದ ಹೊರಗಿರುತ್ತೀರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿದರಂತೆ.

ಇದನ್ನು ಓದಿ ನನಗೂ ಕೈ ತುರಿಸಿತು. ಎರಡು ಭಾನುವಾರ ಕೂತು ಒಂದು ಕನ್ನಡದ ಎಲಿಜಾ ಬರೆದೆ. ಬರೆಯುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. 'ನಾನು ಅಂಗಡಿಗೆ ಹೋದೆ' ಎಂಬುದನ್ನು ತಿರುಗಿಸಲು 'ನಾನು' ತೆಗೆದು 'ನೀವು' ಹಾಕಿದರೆ ಸಾಲದು, 'ಹೋದೆ'ಯನ್ನು 'ಹೋದಿರಿ' ಮಾಡಬೇಕು. ನಮ್ಮ ಕ್ರಿಯಾಪದಗಳ ಬಾಲದಲ್ಲೇ ಆಳು ಕೂತಿರುತ್ತಾನೆ. ಇಂಗ್ಲಿಷಿಗೆ ಈ ಕಾಟ ಬಹಳ ಕಡಿಮೆ. ಆದರೆ 'ನನಗೆ ಭಯ ಆಗ್ತಿದೆ', 'ನನಗೆ ಬೇಜಾರಾಗಿದೆ', 'ನನಗೆ ಯಾರೂ ಬೇಡ'? ಇಲ್ಲಿ 'ನನಗೆ' ಕಿತ್ತು 'ನಿಮಗೆ' ನೆಟ್ಟರೆ ಮುಗಿಯಿತು, ಬಾಲ ಮುಟ್ಟುವ ಅಗತ್ಯವೇ ಇಲ್ಲ. ಕನ್ನಡದಲ್ಲಿ ಕೆಲಸವನ್ನು ನಾವು ಮಾಡುತ್ತೇವೆ, ಭಯ ಬೇಜಾರು ಸಿಟ್ಟು ಮಾತ್ರ ತಾವಾಗಿಯೇ ನಮಗೆ ಬರುತ್ತವೆ, ನೆಂಟರ ಹಾಗೆ. ಹಾಗಾಗಿ ಅಂಗಡಿಗೆ ಹೋಗಿಬಂದ ಸುದ್ದಿಗೆ ಎಡವುವ ನನ್ನ ಯಂತ್ರ ಮನಸ್ಸಿನ ಸಂಕಟಕ್ಕೆ ಸಲೀಸಾಗಿ ಉತ್ತರಿಸುತ್ತಿತ್ತು.

ಹಬ್ಬಕ್ಕೆ ಬಂದಿದ್ದ ತಂಗಿಯನ್ನು ಅದರ ಮುಂದೆ ಕೂರಿಸಿದೆ. ತಮಾಷೆಗೆಂದೇ ಶುರು ಮಾಡಿದಳು. 'ನನಗೆ ನಿದ್ದೆ ಬರಲ್ಲ.' 'ನಿಮಗೆ ನಿದ್ದೆ ಬರಲ್ಲ ಅಂತ ಎಷ್ಟು ದಿನದಿಂದ ಅನ್ನಿಸ್ತಿದೆ?' ಹೀಗೆ ಐದಾರು ಸಾಲು. ಆಮೇಲೆ ಒಂದು ಸಾಲು ಟೈಪು ಮಾಡಿದಳು, 'ಮೊನ್ನೆ ರಾತ್ರಿಯೆಲ್ಲ ಅತ್ತೆ.' ಅಪ್ಪ, ಅಮ್ಮ, ಗಂಡ, ಅತ್ತೆ, ಮಾವ ಇವೆಲ್ಲ ಸಂಬಂಧದ ಪದಗಳೆಂದು ದೊಡ್ಡ ದರ್ಜೆ ಕೊಟ್ಟು ನಾನೇ ಪಟ್ಟಿ ಮಾಡಿದ್ದೆ. ಯಂತ್ರ ಕ್ಷಣ ತಡಮಾಡದೆ ಕೇಳಿತು: 'ನಿಮ್ಮ ಅತ್ತೆಯ ಬಗ್ಗೆ ಇನ್ನಷ್ಟು ಹೇಳಿ.'

ತಂಗಿ ಕೈ ತೆಗೆದಳು. ನನ್ನ ಕಡೆ ತಿರುಗಿ, 'ಇದಕ್ಕೆ ಯಾರು ಹೇಳಿದ್ದು?' ಎಂದಳು.

ವೈಜೆನ್‌ಬಾಮ್‌ಗೆ ಇಂಥದ್ದೆಲ್ಲ ನಗು ತರಿಸಲಿಲ್ಲ. ಹುಡುಗನಾಗಿದ್ದಾಗ, 1936ರಲ್ಲಿ, ಹಿಟ್ಲರನ ಜರ್ಮನಿಯಿಂದ ಕುಟುಂಬದ ಜೊತೆ ತಪ್ಪಿಸಿಕೊಂಡು ಬಂದ ಯಹೂದಿ ಅವರು. ಮನುಷ್ಯರನ್ನು ಲೆಕ್ಕದ ಅಂಕಿಗಳಂತೆ ಕಾಣುವ ಬುದ್ಧಿಯ ಬಗ್ಗೆ ಅವರಿಗೆ ಹುಟ್ಟು ಅನುಮಾನ. ಅದೇ 1966ರಲ್ಲಿ ಸ್ಟ್ಯಾನ್‌ಫರ್ಡಿನ ಮನೋವೈದ್ಯ ಕೆನೆತ್ ಕೋಲ್ಬಿ ಇಂಥದ್ದೇ ಪ್ರೋಗ್ರಾಮು ಮಾಡಿ, ಡಾಕ್ಟರುಗಳ ಕೊರತೆ ಇರುವ ಕಡೆ ಒಂದೇ ಕಂಪ್ಯೂಟರು ಗಂಟೆಗೆ ನೂರಾರು ರೋಗಿಗಳನ್ನು ನೋಡಬಹುದು ಎಂದು ಬರೆದರು. ವೈಜೆನ್‌ಬಾಮ್ ಸಿಡಿದೆದ್ದರು. ಉಳಿದ ಬದುಕೆಲ್ಲ ತಮ್ಮ ಮಾನಸಪುತ್ರಿಯ ವಿರುದ್ಧವೇ ವಾದಿಸಿ 2008ರಲ್ಲಿ ತೀರಿಕೊಂಡರು. ನನಗೆ ವೈಜೆನ್‌ಬಾಮ್ ಮೇಲೆ ಗೌರವ ಹೆಚ್ಚು. ಆದರೆ ಆಮೇಲಿನ ಪ್ರಯೋಗಗಳನ್ನು ನೋಡಿದರೆ ಕೋಲ್ಬಿ ಪೂರ್ತಿ ತಪ್ಪಿರಲಿಲ್ಲ ಎಂದು ಒಪ್ಪಲೇಬೇಕು.

ಯಂತ್ರಕ್ಕೆ ಬುದ್ಧಿ ಇಲ್ಲ ಎಂಬುದು ದೊಡ್ಡ ಕೊರತೆ ನಿಜ, ಆದರೆ ಮುಖವೂ ಇಲ್ಲವಲ್ಲ, ಅದು ದೊಡ್ಡ ಅನುಕೂಲ. 1977ರಲ್ಲಿ ಗ್ಲಾಸ್ಗೋದಲ್ಲಿ ಕುಡಿತದಿಂದ ಕಾಯಿಲೆಬಿದ್ದವರನ್ನು ಮನೋವೈದ್ಯರೂ ಕಂಪ್ಯೂಟರೂ ಬೇರೆಬೇರೆಯಾಗಿ ಪ್ರಶ್ನಿಸಿದಾಗ, ಅವರು ಕಂಪ್ಯೂಟರಿನ ಮುಂದೆ ಒಪ್ಪಿಕೊಂಡ ಕುಡಿತದ ಪ್ರಮಾಣವೇ ಹೆಚ್ಚಾಗಿತ್ತು. ಹುಬ್ಬೇರಿಸುವವರು ಇಲ್ಲದಿದ್ದರೆ ಇನ್ನೆರಡು ಪೆಗ್ ನೆನಪಾಗುತ್ತವೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು ಇನ್ನೂ ಚೂಪು ಮಾಡಿದರು. ಪರದೆಯ ಮೇಲೆ ಮಾತಾಡುವ ಒಂದು ಬೊಂಬೆ. ಕೆಲವರಿಗೆ 'ಇದು ತಾನೇ ಮಾತಾಡುವ ಕಂಪ್ಯೂಟರು' ಎಂದರು, ಕೆಲವರಿಗೆ 'ಹಿಂದೆ ಮನುಷ್ಯರು ಕೂತು ನಡೆಸುತ್ತಿದ್ದಾರೆ' ಎಂದರು. ಹಿಂದೆ ಯಾರೂ ಇಲ್ಲ ಎಂದು ನಂಬಿದವರೇ ಹೆಚ್ಚು ಮನಸ್ಸು ಬಿಚ್ಚಿದರು. (ಎರಡೂ ಪ್ರಬಂಧಗಳ ಮೊದಲ ಲೇಖಕರ ಅಡ್ಡಹೆಸರು ಲೂಕಸ್. ಸುಮ್ಮನೆ ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.)

ಬಿಚ್ಚಿದ ಮನಸ್ಸನ್ನು ರಿಪೇರಿ ಮಾಡುವುದು ಬೇರೆ ಮಾತು. ಅದಕ್ಕೆ ಯಂತ್ರಗಳು ನೆಚ್ಚಿಕೊಂಡದ್ದು ಫಿಲಡೆಲ್ಫಿಯಾದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯನ್ನು. ಈಗ ಎಲ್ಲರೂ ಸಿಬಿಟಿ ಎನ್ನುವುದು ಇದನ್ನೇ. ಅದರ ಜೀವಾಳ ಒಂದು ಲೆಕ್ಕದ ಪುಸ್ತಕ. ಆಫೀಸಿನಿಂದ 'ನಾಳೆ ಬಂದು ನನ್ನನ್ನು ನೋಡಿ' ಎಂದು ಮೇಲಧಿಕಾರಿಯ ಮೆಸೇಜು ಬಂತು ಎನ್ನಿ. ಮೊದಲ ಕಾಲಂನಲ್ಲಿ ಅದನ್ನು ಬರೆಯಿರಿ. ಎರಡನೆಯದರಲ್ಲಿ ತಕ್ಷಣ ಹೊಳೆದದ್ದು: 'ಕೆಲಸ ಹೋಯಿತು.' ಮೂರನೆಯದರಲ್ಲಿ ಭಯ ನೂರಕ್ಕೆ ಎಷ್ಟು: 90. ಆಮೇಲೆ ವಕೀಲರ ಹಾಗೆ ಸಾಕ್ಷಿ ಕೇಳಬೇಕು. ಹಿಂದೆ ಎಷ್ಟು ಸಲ ಹೀಗೆ ಕರೆದಿದ್ದರು, ಆಗ ಏನಾಗಿತ್ತು? ಒಮ್ಮೆ ರಜೆಯ ಅರ್ಜಿ, ಒಮ್ಮೆ ಮಗಳ ಮದುವೆಯ ಕರೆಯೋಲೆ. ಈಗ ಭಯ ಎಷ್ಟು? 40. ಇಷ್ಟು ಶಿಸ್ತಾದ ಕಾಲಂಗಳನ್ನು ಕಂಡರೆ ಪ್ರೋಗ್ರಾಮು ಬರೆಯುವವರಿಗೆ ಹಬ್ಬ. 1990ರಲ್ಲಿ ವಿಸ್ಕಾನ್ಸಿನ್‌ನಲ್ಲಿ 36 ಖಿನ್ನರ ಮೇಲೆ ಪರೀಕ್ಷಿಸಿದಾಗ ಕಂಪ್ಯೂಟರು ಕಲಿಸಿದ ಸಿಬಿಟಿ ಮನುಷ್ಯರು ಕಲಿಸಿದ್ದಕ್ಕೆ ಸರಿಸಮ ನಿಂತಿತು. 2001ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ ಮೂಡ್‌ಜಿಮ್ ಎಂಬ ಜಾಲತಾಣ ಬಂತು. ಎಂಟು ಕಂತುಗಳ ಬೀಟಿಂಗ್ ದ ಬ್ಲೂಸ್ ಎಂಬ ಪ್ರೋಗ್ರಾಮನ್ನು 2006ರಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೇ ಶಿಫಾರಸು ಮಾಡಲಾಯಿತು. ಕೋಲ್ಬಿಯ ಕನಸು ನನಸಾಯಿತು ಎನ್ನುವ ಹೊತ್ತು.

ಆಗ ಬಂತು ರೀಆಕ್ಟ್ ಎಂಬ ಪ್ರಯೋಗ. ಇಂಗ್ಲೆಂಡಿನಲ್ಲಿ ಸಾಮಾನ್ಯ ವೈದ್ಯರ ಬಳಿ ಖಿನ್ನತೆಗೆಂದು ಬಂದ 691 ಮಂದಿಯನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಮೂಡ್‌ಜಿಮ್, ಇನ್ನೊಂದಕ್ಕೆ ಬೀಟಿಂಗ್ ದ ಬ್ಲೂಸ್, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ನಾಲ್ಕು ತಿಂಗಳ ನಂತರ ನೋಡಿದರೆ ಮೂರೂ ಗುಂಪಿನಲ್ಲಿ ಸುಮಾರು ಅರ್ಧ ಮಂದಿ ಖಿನ್ನರಾಗಿಯೇ ಉಳಿದಿದ್ದರು. 2015ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಕಾರಣ ಹುಡುಕಲು ಕಷ್ಟಪಡಬೇಕಿರಲಿಲ್ಲ. ಹೆಚ್ಚಿನವರು ಒಂದೋ ಎರಡೋ ಕಂತು ನೋಡಿ ಬಿಟ್ಟಿದ್ದರು. ಎದ್ದು ಹಲ್ಲುಜ್ಜುವುದೇ ಭಾರವಾದವರಿಗೆ ಯಂತ್ರ ಮನೆಗೆಲಸ ಕೊಟ್ಟು ಕೂತಿತ್ತು!

ನನ್ನ ಅನುಭವವೂ ಬೇರೆಯಲ್ಲ. ಒಮ್ಮೆ ನಿದ್ದೆಗೆಟ್ಟಾಗ ಒಂದು ಆ್ಯಪ್ ಹಾಕಿಕೊಂಡೆ. ದಿನವೂ ರಾತ್ರಿ ಒಂಬತ್ತಕ್ಕೆ ಐದು ಮುಖಗಳ ಸಾಲು ತೋರಿಸಿ, ಇವತ್ತು ನೀವು ಯಾವ ಮುಖ ಎನ್ನುತ್ತಿತ್ತು. ಮೂರು ದಿನ ಪ್ರಾಮಾಣಿಕವಾಗಿ ಒತ್ತಿದೆ. ನಾಲ್ಕನೇ ದಿನ ಮರೆತೆ. ಐದನೇ ದಿನ 'ನಿಮ್ಮನ್ನು ಮಿಸ್ ಮಾಡಿಕೊಂಡೆ' ಎಂಬ ಸಂದೇಶ ಬಂತು. ಯಾರು ಮಿಸ್ ಮಾಡಿಕೊಂಡಿದ್ದು? ಸಿಟ್ಟು ಬಂದು ಅಳಿಸಿದೆ.

ರೀಆಕ್ಟ್‌ನವರು ಕೈಚೆಲ್ಲಲಿಲ್ಲ. ಮೊದಲ ಸುತ್ತಿನಲ್ಲಿ ಫೋನಿನಲ್ಲಿ ಸಿಗುತ್ತಿದ್ದದ್ದು ತಾಂತ್ರಿಕ ಸಹಾಯ ಮಾತ್ರ. ಎರಡನೇ ಸುತ್ತಿನಲ್ಲಿ 369 ಮಂದಿಗೆ ಅದೇ ಮೂಡ್‌ಜಿಮ್ ಕೊಟ್ಟು, ಅವರಲ್ಲಿ ಒಂದು ಗುಂಪಿಗೆ ತರಬೇತಾದವರಿಂದ ಫೋನ್ ಮಾಡಿಸಿ ಹೇಗೆ ಸಾಗಿದೆ, ಎಲ್ಲಿ ನಿಂತಿದ್ದೀರಿ ಎಂದು ವಿಚಾರಿಸಿದರು. ನಾಲ್ಕು ತಿಂಗಳಿಗೆ ಈ ಗುಂಪು ಸ್ಪಷ್ಟವಾಗಿ ಮುಂದಿತ್ತು. ಪಾಠ ಅದೇ, ಪರದೆ ಅದೇ, ಬೇರೆಯಾದದ್ದು ಆ ಫೋನು ಒಂದೇ. ಯಂತ್ರದ ಮುಂದೆ ನಾಚಿಕೆ ಇಲ್ಲದೆ ಬಿಚ್ಚಿಕೊಳ್ಳುತ್ತೇವೆ, ಆದರೆ ಅದಕ್ಕೆ ಕೈಕೊಡಲೂ ನಾಚುವುದಿಲ್ಲ. ಮುಖ ಇಲ್ಲದ್ದರ ಲಾಭ ನಷ್ಟ ಎರಡೂ ಒಂದೇ ಗಂಟಿನಲ್ಲಿವೆ.

ಅಭ್ಯಾಸ ಬದಲಿಸುವ ಯಂತ್ರಗಳಿಗೆ ಅದೃಷ್ಟ ಸ್ವಲ್ಪ ಹೆಚ್ಚು, ಅದೂ ತೀರಾ ದಡ್ಡ ಯಂತ್ರಗಳಿಗೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 537 ದುಡಿಯುವ ಗಂಡಸರನ್ನು ಆರಿಸಿದರು. ಆಹಾರ, ನಡಿಗೆ ಕುರಿತು ಎಲ್ಲರಿಗೂ ಮೊದಲಿಗೆ ಒಮ್ಮೆ ತಿಳಿಹೇಳಿ, ಅರ್ಧದಷ್ಟು ಮಂದಿಗೆ ಆಮೇಲೂ ಆಗಾಗ ಎಸ್ಎಂಎಸ್ ಕಳಿಸಿದರು. ಎರಡು ವರ್ಷದಲ್ಲಿ ಎಸ್ಎಂಎಸ್ ಇಲ್ಲದವರಲ್ಲಿ ನೂರಕ್ಕೆ 27 ಮಂದಿಗೆ ಕಾಯಿಲೆ ಬಂದರೆ, ಎಸ್ಎಂಎಸ್ ಪಡೆದವರಲ್ಲಿ 18. ಬ್ರಿಟನ್ನಿನಲ್ಲಿ 5,800 ಧೂಮಪಾನಿಗಳ ಮೇಲೆ ಇಂಥದ್ದೇ ಸಂದೇಶಗಳನ್ನು ಪ್ರಯೋಗಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆರು ತಿಂಗಳು ಬಿಟ್ಟವರ ಪ್ರಮಾಣ ಶೇ. 4.9ರಿಂದ 10.7ಕ್ಕೇರಿತ್ತು. ಬಾಯಿಮಾತು ನಂಬಿದ್ದಲ್ಲ, ದೇಹದಲ್ಲಿ ಹೊಗೆಯ ಕುರುಹು ಇದೆಯೇ ಎಂದು ಪರೀಕ್ಷಿಸಿದ್ದು. ಎಸ್ಎಂಎಸ್‌ಗೆ ಮನೆಗೆಲಸ ಇಲ್ಲ, ತೆರೆಯಲು ಪಾಸ್‌ವರ್ಡ್ ಇಲ್ಲ. ಜೇಬಿನಲ್ಲಿ ಗುಯ್ ಎನ್ನುತ್ತದೆ, ಓದಿಯೇಬಿಡುತ್ತೇವೆ.

ಈಗಿನ ಚಾಟ್‌ಬಾಟ್‌ಗಳು ಎಲಿಜಾಳಂತೆ ಪದ ಹುಡುಕಿ ಕತ್ತರಿಸುವುದಿಲ್ಲ, ಹೊಸ ವಾಕ್ಯ ತಾವೇ ಕಟ್ಟುತ್ತವೆ. ಅಪಾಯ ಇರುವುದೂ ಅಲ್ಲೇ. 2023ರ ಮೇ ಕೊನೆಗೆ ಅಮೆರಿಕದಲ್ಲಿ, ಊಟಕ್ಕೆ ಸಂಬಂಧಿಸಿದ ಮನೋವ್ಯಾಧಿ ಇರುವವರಿಗೆಂದು ಇಟ್ಟಿದ್ದ ಟೆಸ್ಸಾ ಎಂಬ ಚಾಟ್‌ಬಾಟು ತೂಕ ಇಳಿಸುವ ಸಲಹೆ ಕೊಟ್ಟು ನಿಲುಗಡೆಯಾಯಿತು. ಹೂಂಗುಟ್ಟುವ ಯಂತ್ರ ಕೆಡುಕು ಮಾಡುವುದು ಕಷ್ಟ, ಉಪದೇಶಕ್ಕೆ ಇಳಿದ ಯಂತ್ರದ ಮಾತು ಹಾಗಲ್ಲ.

ನಮ್ಮಲ್ಲಿ ಈ ಯಂತ್ರಗಳ ಗಿರಾಕಿಗಳಿಗೆ ಬರವಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಗಳಲ್ಲಿ, ಯಾವ ಕಾಯಿಲೆ ಎಂಬುದರ ಮೇಲೆ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಂದ ಹೊರಗೇ ಇದ್ದರು. ಮುದ್ದು ಪೆಂಗ್ವಿನ್ ಒಂದನ್ನು ಮುಂದಿಟ್ಟು ಮಾತಾಡಿಸುವ ವೈಸಾ ಆ್ಯಪ್ ಹುಟ್ಟಿದ್ದು ಬೆಂಗಳೂರಿನಲ್ಲೇ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇನ್ನೊಂದು ದಾರಿ ಹಿಡಿಯಿತು. ಅದರ ತಂತ್ರಜ್ಞಾನಕ್ಕೆ ಬೆಂಗಳೂರಿನ ಐಐಐಟಿ, ಮೇಲ್ವಿಚಾರಣೆಗೆ ನಿಮ್ಹಾನ್ಸ್. ಆದರೆ 14416 ಒತ್ತಿದರೆ ಆ ತುದಿಯಲ್ಲಿ ಹೂಂ ಎನ್ನುವುದು ಮನುಷ್ಯರು, ಕನ್ನಡದಲ್ಲೇ.

ನನ್ನ ಕನ್ನಡದ ಎಲಿಜಾ ಇನ್ನೂ ಲ್ಯಾಪ್‌ಟಾಪಿನಲ್ಲಿದ್ದಾಳೆ. ಮೊನ್ನೆ ಕೂತು ಆ ನಿಯಮ ತಿದ್ದಿದೆ. ಈಗ 'ಅತ್ತೆ' ವಾಕ್ಯದ ಕೊನೆಗೆ ಬಂದರೆ ಅದು ಅಳು, ಬೇರೆಲ್ಲಿ ಬಂದರೂ ಸಂಬಂಧ ಎಂದು ಅದಕ್ಕೆ ತಿಳಿಯುತ್ತದೆ. ತಂಗಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅವಳು ಒಮ್ಮೆ ಹಿಂದೆ ತಿರುಗಿ ಅಡುಗೆಮನೆಯ ಬಾಗಿಲು ನೋಡಿ, ದನಿ ತಗ್ಗಿಸಿ ಹೇಳಿದಳು: 'ಮೊದಲಿನದೇ ಚೆನ್ನಾಗಿತ್ತು ಬಿಡು.'