ಜಂಟಿ ಸಮರಾಭ್ಯಾಸ ಯೋಜನೆ

ಜಂಟಿ ಸಮರಾಭ್ಯಾಸ ಯೋಜನೆ ಎಂದರೆ ಒಂದಕ್ಕಿಂತ ಹೆಚ್ಚು ಸೇನಾಪಡೆಗಳು ಒಟ್ಟಾಗಿ ನಡೆಸುವ ತಾಲೀಮಿನ ಉದ್ದೇಶ, ಸನ್ನಿವೇಶ, ವೇಳಾಪಟ್ಟಿ, ಸಂಪರ್ಕ ವ್ಯವಸ್ಥೆ ಮತ್ತು ಸುರಕ್ಷತಾ ನಿಯಮಗಳನ್ನು ಮುಂಚಿತವಾಗಿ ರೂಪಿಸಿ, ತಾಲೀಮು ನಡೆಯುವಾಗ ಅವುಗಳನ್ನು ಸಮನ್ವಯಗೊಳಿಸಿ, ಮುಗಿದ ಬಳಿಕ ಫಲಿತಾಂಶವನ್ನು ಪರಿಶೀಲಿಸುವ ಕಾರ್ಯ. ಈ ಕೆಲಸ ಮಾಡುವವರನ್ನು ಸಮರಾಭ್ಯಾಸ ಯೋಜಕರು ಅಥವಾ ವಿಶ್ಲೇಷಕರು ಎನ್ನುತ್ತಾರೆ. ಇವರಲ್ಲಿ ಸೇವೆಯಲ್ಲಿರುವ ಅಧಿಕಾರಿಗಳೂ ನಿವೃತ್ತ ಸೈನಿಕರೂ ನಾಗರಿಕ ನೌಕರರೂ ಇರುತ್ತಾರೆ. ಟ್ಯಾಂಕು, ವಿಮಾನ, ಹಡಗುಗಳ ಚಿತ್ರಗಳೇ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಅವುಗಳ ಹಿಂದೆ ಹಲವು ತಿಂಗಳು ನಡೆಯುವ ಈ ಕಾಗದದ ಕೆಲಸ ಸಾಮಾನ್ಯ ಓದುಗರ ಗಮನಕ್ಕೆ ಬರುವುದು ಅಪರೂಪ.

ಪದದ ಅರ್ಥ

ಕನ್ನಡದ 'ಜಂಟಿ' ಎಂಬ ಮಾತು ಎರಡು ಬೇರೆ ಸಂದರ್ಭಗಳಿಗೆ ಬಳಕೆಯಾಗುತ್ತದೆ. ಒಂದೇ ದೇಶದ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳು ಕೂಡಿ ನಡೆಸುವ ಅಭ್ಯಾಸ ಒಂದು. ಎರಡು ಅಥವಾ ಹೆಚ್ಚು ದೇಶಗಳ ಸೇನೆಗಳು ಕೂಡಿ ನಡೆಸುವ ಅಭ್ಯಾಸ ಇನ್ನೊಂದು. ಅಮೆರಿಕ ಮತ್ತು ನ್ಯಾಟೋ ಪರಿಭಾಷೆಯಲ್ಲಿ ಇವೆರಡಕ್ಕೂ ಪ್ರತ್ಯೇಕ ಪದಗಳಿವೆ. ಕನ್ನಡ ಪತ್ರಿಕೆಗಳಲ್ಲಿ 'ಜಂಟಿ ಸಮರಾಭ್ಯಾಸ' ಎಂದಾಗ ಬಹುತೇಕ ಎರಡನೆಯ ಅರ್ಥವೇ ಉದ್ದೇಶಿತವಾಗಿರುತ್ತದೆ.

ಯೋಜನೆಯ ಕ್ರಮ

ಯೋಜನೆ ಆರಂಭವಾಗುವುದು ಉದ್ದೇಶದ ನಿರ್ಣಯದಿಂದ. ಯಾವ ಪಡೆ ಯಾವ ಕಾರ್ಯದಲ್ಲಿ ದುರ್ಬಲವಾಗಿದೆ, ಯಾವುದನ್ನು ಪರೀಕ್ಷಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಬಳಿಕ ಸಾಮಾನ್ಯವಾಗಿ ಆರಂಭಿಕ, ಮಧ್ಯಂತರ ಮತ್ತು ಅಂತಿಮ ಯೋಜನಾ ಸಭೆಗಳು ನಡೆಯುತ್ತವೆ. ಸ್ಥಳ, ಮದ್ದುಗುಂಡು, ಇಂಧನ, ವೈದ್ಯಕೀಯ ನೆರವು, ಊಟ, ವಸತಿ, ರೇಡಿಯೊ ತರಂಗಾಂತರ, ನಕ್ಷೆಯ ಮಾನ ಎಲ್ಲವೂ ಅಲ್ಲಿ ಚರ್ಚೆಯಾಗುತ್ತವೆ.

ವಿಶ್ಲೇಷಕ ಸಿದ್ಧಪಡಿಸುವ ದಾಖಲೆಗಳಲ್ಲಿ ಪ್ರಮುಖವಾದುದು ಘಟನಾವಳಿಯ ಪಟ್ಟಿ. ಯಾವ ದಿನ, ಯಾವ ಗಂಟೆಗೆ, ಯಾವ ಕಲ್ಪಿತ ಘಟನೆಯ ಸುದ್ದಿ ಯಾರಿಗೆ ತಲುಪಬೇಕು ಮತ್ತು ಅವರಿಂದ ಯಾವ ಪ್ರತಿಕ್ರಿಯೆ ನಿರೀಕ್ಷಿತ ಎಂಬುದನ್ನು ಅದರಲ್ಲಿ ಸಾಲುಸಾಲಾಗಿ ಬರೆಯಲಾಗುತ್ತದೆ. ಸೇತುವೆಯೊಂದು ಕುಸಿಯಿತೆಂಬ ಸಂದೇಶ ಬೆಳಗ್ಗೆ ಆರಕ್ಕೆ ಬಂದರೆ, ಅದರ ಹಿಂದೆ ಬೇರೊಂದು ಕೋಣೆಯಲ್ಲಿ ಕುಳಿತು ಅದನ್ನು ಕಳುಹಿಸಿದ ನಿಯಂತ್ರಕನೊಬ್ಬ ಇರುತ್ತಾನೆ. ಸ್ವಪಕ್ಷಕ್ಕೆ ನೀಲಿ, ಎದುರಾಳಿ ಪಕ್ಷಕ್ಕೆ ಕೆಂಪು, ನಿಯಂತ್ರಕರಿಗೂ ತೀರ್ಪುಗಾರರಿಗೂ ಬಿಳಿ ಎಂದು ಬಣ್ಣದ ಹೆಸರಿಡುವುದು ವಾಡಿಕೆ. ತೀರ್ಪುಗಾರನನ್ನು ನಡುವೆ ಕೂರಿಸುವ ಪದ್ಧತಿ ಹೊಸದಲ್ಲ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ ನಕ್ಷೆಯ ಮೇಲಿನ ಯುದ್ಧದಾಟದಲ್ಲೇ ಅದು ಇತ್ತು.

ಕಲ್ಪಿತವೂ ನೈಜವೂ ಬೆರೆಯದಂತೆ ನೋಡಿಕೊಳ್ಳುವುದು ಯೋಜಕನ ಮತ್ತೊಂದು ಹೊಣೆ. ಅಭ್ಯಾಸದ ಸಂದೇಶಗಳ ಆರಂಭದಲ್ಲಿ 'ಅಭ್ಯಾಸ' ಎಂಬ ಪದವನ್ನು ಪುನರುಚ್ಚರಿಸುತ್ತಾರೆ. ಅಭ್ಯಾಸದ ನಡುವೆ ಯಾರಾದರೂ ನಿಜವಾಗಿಯೇ ಗಾಯಗೊಂಡರೆ, ಬ್ರಿಟಿಷ್ ಸಂಪ್ರದಾಯದ ಸೇನೆಗಳಲ್ಲಿ ರೇಡಿಯೊ ಮೂಲಕ 'ನೋ ಡಫ್' ಎಂದು ಸೂಚಿಸಲಾಗುತ್ತದೆ. ಇದು ಆಟವಲ್ಲ ಎಂದು ಅದರ ಅರ್ಥ.

ಎಕ್ಸರ್‌ಸೈಜ್ ಟೈಗರ್, 1944

ಸಮನ್ವಯದ ಲೋಪಕ್ಕೆ ತೆರಬೇಕಾದ ಬೆಲೆಯನ್ನು ತೋರಿಸಿದ ಪ್ರಸಂಗಗಳಲ್ಲಿ ಎರಡನೆಯ ಮಹಾಯುದ್ಧ ಕಾಲದ ಎಕ್ಸರ್‌ಸೈಜ್ ಟೈಗರ್ ಮುಖ್ಯವಾದುದು. ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ 'ಯೂಟಾ' ಎಂಬ ಗುಪ್ತನಾಮದ ಕಡಲದಂಡೆಯ ಮೇಲೆ ಇಳಿಯಬೇಕಿದ್ದ ಅಮೆರಿಕದ ಪಡೆಗಳಿಗಾಗಿ, ಅದನ್ನು ಹೋಲುವ ದಂಡೆಯೊಂದನ್ನು ಇಂಗ್ಲೆಂಡಿನ ಡೆವನ್ ಪ್ರಾಂತದ ಸ್ಲ್ಯಾಪ್ಟನ್ ಸ್ಯಾಂಡ್ಸ್‌ನಲ್ಲಿ ಆರಿಸಲಾಯಿತು. ಅಭ್ಯಾಸಕ್ಕಾಗಿ 1943ರ ಕೊನೆಯಲ್ಲಿ ಸುತ್ತಲಿನ ಹಳ್ಳಿಗಳ ಸುಮಾರು 3,000 ಜನರು ಮನೆ, ಹೊಲ, ಜಾನುವಾರುಗಳೊಡನೆ ಊರು ತೆರವು ಮಾಡಬೇಕಾಯಿತು.

1944ರ ಏಪ್ರಿಲ್ 27ರ ಬೆಳಗ್ಗೆ ದಂಡೆಗಿಳಿಯುವ ತಾಲೀಮಿನ ಸಮಯವನ್ನು ಒಂದು ಗಂಟೆ ಮುಂದೂಡಲಾಯಿತು. ಆದರೆ ಆ ಸುದ್ದಿ ಎಲ್ಲ ದೋಣಿಗಳಿಗೂ ತಲುಪಲಿಲ್ಲ. ಮರುದಿನ ನಸುಕಿನಲ್ಲಿ ಇನ್ನೂ ದೊಡ್ಡ ಅನಾಹುತ ನಡೆಯಿತು. ಸೈನಿಕರನ್ನೂ ವಾಹನಗಳನ್ನೂ ತುಂಬಿಕೊಂಡು ಲೈಮ್ ಕೊಲ್ಲಿಯಲ್ಲಿ ಸಾಗುತ್ತಿದ್ದ ಎಂಟು ಎಲ್‌ಎಸ್‌ಟಿ ಹಡಗುಗಳ ಸಾಲಿನ ಮೇಲೆ ಜರ್ಮನಿಯ ವೇಗದ ಟಾರ್ಪಿಡೊ ದೋಣಿಗಳು ಎರಗಿದವು. ಎರಡು ಹಡಗುಗಳು ಮುಳುಗಿ ಮತ್ತೊಂದು ತೀವ್ರವಾಗಿ ಹಾನಿಗೊಂಡಿತು. ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಲೆಕ್ಕದಂತೆ 749 ಅಮೆರಿಕನ್ ಸೈನಿಕರೂ ನಾವಿಕರೂ ಸತ್ತರು. ಆರು ವಾರಗಳ ಬಳಿಕ, ಜೂನ್ 6ರಂದು, ನಿಜವಾದ ಯೂಟಾ ದಂಡೆಯ ಮೇಲೆ ಇಳಿಯುವಾಗ ಸತ್ತವರ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ.

ಶತ್ರುವಿನ ಚುರುಕುತನವೊಂದೇ ಇದಕ್ಕೆ ಕಾರಣವಾಗಿರಲಿಲ್ಲ. ಬೆಂಗಾವಲಿಗೆ ನೇಮಕವಾಗಿದ್ದ ಎರಡು ಬ್ರಿಟಿಷ್ ನೌಕೆಗಳಲ್ಲಿ 'ಸಿಮಿಟಾರ್' ಹಿಂದಿನ ದಿನ ಬೇರೊಂದು ದೋಣಿಗೆ ಡಿಕ್ಕಿಯಾಗಿ ದುರಸ್ತಿಗೆಂದು ಪ್ಲಿಮತ್ ಬಂದರಿಗೆ ಹೋಗಿತ್ತು. ಅದು ಜೊತೆಯಲ್ಲಿಲ್ಲವೆಂಬುದನ್ನು ಅಮೆರಿಕದ ಹಡಗುಗಳಿಗೆ ತಿಳಿಸಿರಲಿಲ್ಲ. ಉಳಿದಿದ್ದುದು 'ಅಜೇಲಿಯ' ಒಂದೇ. ಶತ್ರು ದೋಣಿಗಳು ಕೊಲ್ಲಿಯಲ್ಲಿವೆ ಎಂಬ ಸೂಚನೆ ಬ್ರಿಟಿಷರಿಗೆ ಸಿಕ್ಕಿದರೂ ಎಲ್‌ಎಸ್‌ಟಿಗಳಿಗೆ ಅದು ಕೇಳಿಸಲಿಲ್ಲ. ಆಜ್ಞಾಪತ್ರದ ಬೆರಳಚ್ಚಿನಲ್ಲಾದ ತಪ್ಪಿನಿಂದ ಅವು ಬೇರೆಯದೇ ತರಂಗಾಂತರಕ್ಕೆ ಕಿವಿಗೊಟ್ಟು ಕುಳಿತಿದ್ದವು. ಎರಡು ದೇಶಗಳ ನೌಕಾಪಡೆಗಳು ಒಂದೇ ಕೊಲ್ಲಿಯಲ್ಲಿದ್ದೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿರಲು ಒಂದು ಕಾಗದದ ಮೇಲಿನ ಕೆಲವು ಅಂಕಿಗಳು ಸಾಕಾದವು.

ನೀರಿಗೆ ಹಾರಿದವರಲ್ಲಿಯೂ ಅನೇಕರು ಉಳಿಯಲಿಲ್ಲ. ಗಾಳಿ ತುಂಬುವ ರಕ್ಷಾಪಟ್ಟಿಯನ್ನು ತೋಳುಗಳ ಕೆಳಗೆ ಕಟ್ಟಿಕೊಳ್ಳಬೇಕೆಂದು ಯಾರೂ ಅವರಿಗೆ ಸರಿಯಾಗಿ ಕಲಿಸಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡವರು, ಬೆನ್ನಿನ ಹೊರೆಯ ಭಾರದಿಂದ ತಲೆಕೆಳಗಾಗಿ ಮುಳುಗಿದರು. ಹಲವರನ್ನು ಚಳಿ ಕೊಂದಿತು.

ನಾರ್ಮಂಡಿ ದಾಳಿಯ ಗುಟ್ಟು ಬಲ್ಲ ಹತ್ತು ಅಧಿಕಾರಿಗಳು ಕಾಣೆಯಾದವರ ಪಟ್ಟಿಯಲ್ಲಿದ್ದುದರಿಂದ, ಅವರಲ್ಲಿ ಯಾರಾದರೂ ಸೆರೆಸಿಕ್ಕಿರಬಹುದೆಂಬ ಭಯ ಹುಟ್ಟಿ ದಾಳಿಯೇ ಸಂಶಯಕ್ಕೊಳಗಾಯಿತು. ಅಷ್ಟೂ ಮಂದಿಯ ಶವಗಳು ದೊರೆತ ಮೇಲೆ ಆತಂಕ ನೀಗಿತು. ಬದುಕುಳಿದವರಿಗೆ ಬಾಯಿಬಿಡದಂತೆ ಆಜ್ಞೆಯಾಯಿತು. ದಾಳಿಗೆ ಮುನ್ನ ಮೂರು ತಿದ್ದುಪಡಿಗಳು ಜಾರಿಗೆ ಬಂದವು: ರೇಡಿಯೊ ತರಂಗಾಂತರಗಳನ್ನು ಏಕರೂಪಗೊಳಿಸಲಾಯಿತು, ರಕ್ಷಾಪಟ್ಟಿಯ ಬಳಕೆಯನ್ನು ಕಲಿಸಲಾಯಿತು, ನೀರಿಗೆ ಬಿದ್ದವರನ್ನು ಎತ್ತಲು ಸಣ್ಣ ದೋಣಿಗಳನ್ನು ನಿಯೋಜಿಸಲಾಯಿತು. 1984ರಲ್ಲಿ ಸ್ಥಳೀಯ ನಿವಾಸಿ ಕೆನ್ ಸ್ಮಾಲ್ ಅವರ ಪ್ರಯತ್ನದಿಂದ ಸಮುದ್ರತಳದಿಂದ ಮೇಲೆತ್ತಿದ ಶೆರ್ಮನ್ ಟ್ಯಾಂಕೊಂದು ಸಮೀಪದ ಟಾರ್‌ಕ್ರಾಸ್‌ನಲ್ಲಿ ಸ್ಮಾರಕವಾಗಿ ನಿಂತಿದೆ.

ಫಲಿತಾಂಶದ ಪ್ರಾಮಾಣಿಕತೆ

ಯಾರೂ ಸಾಯದೆ ವಿಫಲವಾಗುವ ಅಭ್ಯಾಸಗಳೂ ಉಂಟು. 2002ರಲ್ಲಿ ಅಮೆರಿಕ ಸುಮಾರು 25 ಕೋಟಿ ಡಾಲರ್ ವೆಚ್ಚದಲ್ಲಿ, ಕಂಪ್ಯೂಟರ್ ಅನುಕರಣೆಯನ್ನೂ ನೈಜ ಪಡೆಗಳನ್ನೂ ಬೆರೆಸಿ ನಡೆಸಿದ 'ಮಿಲೇನಿಯಂ ಚಾಲೆಂಜ್'ನಲ್ಲಿ ಕೆಂಪು ಪಕ್ಷದ ನಾಯಕರಾಗಿದ್ದವರು ನಿವೃತ್ತ ಲೆಫ್ಟಿನೆಂಟ್ ಜನರಲ್ ಪಾಲ್ ವ್ಯಾನ್ ರೈಪರ್. ರೇಡಿಯೊ ಬಳಸಿದರೆ ಎದುರಾಳಿಗೆ ಕೇಳಿಸುತ್ತದೆಂದು ಅವರು ಮೋಟಾರ್ ಸೈಕಲ್ ಸವಾರರ ಮೂಲಕ ಸಂದೇಶ ಕಳುಹಿಸಿದರು. ಕ್ಷಿಪಣಿಗಳನ್ನೂ ಸಣ್ಣ ದೋಣಿಗಳನ್ನೂ ಒಮ್ಮೆಗೇ ನುಗ್ಗಿಸಿ ನೀಲಿ ಪಕ್ಷದ 16 ಯುದ್ಧನೌಕೆಗಳನ್ನು ಲೆಕ್ಕದಲ್ಲಿ ಮುಳುಗಿಸಿದರು. ನಿಯಂತ್ರಕರು ಮುಳುಗಿದ ಹಡಗುಗಳನ್ನು ತೇಲಿಸಿ ಅಭ್ಯಾಸ ಮುಂದುವರಿಸಿದರು. ಬಳಿಕ ಕೆಂಪು ಪಕ್ಷದ ನಡೆಗಳಿಗೆ ನಿರ್ಬಂಧ ಹೇರಲಾಯಿತೆಂದು ಆಕ್ಷೇಪಿಸಿ ವ್ಯಾನ್ ರೈಪರ್ ಹಿಂದೆ ಸರಿದರು. ಸಾವಿರಾರು ಜನರನ್ನು ಸೇರಿಸಿದ ಮೇಲೆ ಉಳಿದ ಪರೀಕ್ಷೆಗಳನ್ನೂ ನಡೆಸಲೇಬೇಕಿತ್ತೆಂಬ ಸಂಘಟಕರ ವಾದದಲ್ಲಿ ಹುರುಳಿಲ್ಲದಿಲ್ಲ. ಹಡಗುಗಳನ್ನು ತೇಲಿಸಿದ್ದು ಅಷ್ಟು ದೊಡ್ಡ ದೋಷವಲ್ಲ. ಮೊದಲ ಸೋಲನ್ನೂ ಫಲಿತಾಂಶವೆಂದು ದಾಖಲಿಸಿ ವಿವೇಚಿಸಿದರೋ ಇಲ್ಲವೋ ಎಂಬುದೇ ವಿಶ್ಲೇಷಕರ ಪಾಲಿನ ಪ್ರಶ್ನೆ.

ನೆರೆಯವರ ಕಣ್ಣಿಗೆ

ಅಭ್ಯಾಸವೋ ದಾಳಿಯ ಸಿದ್ಧತೆಯೋ ಎಂಬುದು ಗಡಿಯಾಚೆಯಿಂದ ನೋಡುವವರಿಗೆ ಸ್ಪಷ್ಟವಾಗುವುದಿಲ್ಲ. 1983ರ ನವೆಂಬರಿನಲ್ಲಿ ನ್ಯಾಟೋ ನಡೆಸಿದ 'ಏಬಲ್ ಆರ್ಚರ್' ಪರಮಾಣು ಅಸ್ತ್ರ ಬಳಕೆಯ ಆದೇಶಕ್ರಮವನ್ನು ಅಭ್ಯಸಿಸುವ ಕಚೇರಿ ಮಟ್ಟದ ತಾಲೀಮು. ಆದರೂ ಪೂರ್ವ ಜರ್ಮನಿ ಮತ್ತು ಪೋಲೆಂಡಿನಲ್ಲಿ ಸೋವಿಯತ್ ವಿಮಾನಪಡೆಯ ಕೆಲವು ಘಟಕಗಳು ಸನ್ನದ್ಧಸ್ಥಿತಿಗೆ ಬಂದವು. 1986–87ರಲ್ಲಿ ರಾಜಸ್ಥಾನದಲ್ಲಿ ಜನರಲ್ ಸುಂದರ್‌ಜಿ ಅವರ ಮುಂದಾಳತ್ವದಲ್ಲಿ ಭಾರತ ನಡೆಸಿದ 'ಬ್ರಾಸ್‌ಟ್ಯಾಕ್ಸ್' ಕೂಡ ಪಾಕಿಸ್ತಾನದ ಸೇನಾ ಚಲನೆಗೆ ಕಾರಣವಾಗಿ ಎರಡೂ ದೇಶಗಳು ಗಡಿಯಲ್ಲಿ ಮುಖಾಮುಖಿಯಾದವು. ಮಾತುಕತೆಯ ಬಳಿಕ ಪಡೆಗಳು ಹಿಂದೆ ಸರಿದವು.

ಇಂಥ ಅಪಾರ್ಥ ತಪ್ಪಿಸಲು ಮುನ್ಸೂಚನೆಯ ಒಪ್ಪಂದಗಳು ಬಂದವು. 1986ರ ಸ್ಟಾಕ್‌ಹೋಮ್ ದಾಖಲೆಯಂತೆ ಯೂರೋಪಿನಲ್ಲಿ 13,000 ಸೈನಿಕರನ್ನು ಮೀರುವ ಅಭ್ಯಾಸಕ್ಕೆ 42 ದಿನ ಮೊದಲೇ ತಿಳಿವಳಿಕೆ ಕೊಡಬೇಕಿತ್ತು. ಭಾರತ ಮತ್ತು ಪಾಕಿಸ್ತಾನ 1991ರ ಏಪ್ರಿಲ್ 6ರಂದು ಸಹಿ ಮಾಡಿದ ಒಪ್ಪಂದ, ದೊಡ್ಡ ಅಭ್ಯಾಸಗಳ ಮುನ್ಸೂಚನೆಯನ್ನೂ ಗಡಿಯಿಂದ ಅವು ಇರಬೇಕಾದ ಅಂತರವನ್ನೂ ವಿಧಿಸಿತು. ಯೋಜಕರ ವೇಳಾಪಟ್ಟಿಯಲ್ಲಿ ಇಂಥ ಸೂಚನಾಪತ್ರಗಳಿಗೂ ಒಂದು ಸಾಲು ಮೀಸಲು.

ಭಾರತದಲ್ಲಿ

1992ರಲ್ಲಿ ಭಾರತ ಮತ್ತು ಅಮೆರಿಕದ ನೌಕಾಪಡೆಗಳ ನಡುವೆ ಆರಂಭವಾದ 'ಮಲಬಾರ್'ನಲ್ಲಿ ಜಪಾನ್ 2015ರಿಂದ ಕಾಯಂ ಸದಸ್ಯ. 2020ರಲ್ಲಿ ಆಸ್ಟ್ರೇಲಿಯವೂ ಸೇರಿಕೊಂಡಿತು. 2017ರಲ್ಲಿ ರಷ್ಯಾದೊಡನೆ ವ್ಲಾಡಿವೊಸ್ತೊಕ್‌ನಲ್ಲಿ ನಡೆದ 'ಇಂದ್ರ' ಅಭ್ಯಾಸದಲ್ಲಿ ಭಾರತದ ಮೂರೂ ಪಡೆಗಳು ಭಾಗವಹಿಸಿದವು. ಕರ್ನಾಟಕದಲ್ಲಿ ಇಂಥ ಅಭ್ಯಾಸಗಳಿಗೆ ಹೆಸರಾದ ಸ್ಥಳ, ಮರಾಠಾ ಲಘು ಪದಾತಿದಳದ ಕೇಂದ್ರವೂ ಇರುವ ಬೆಳಗಾವಿ. 2008ರ ಡಿಸೆಂಬರಿನಲ್ಲಿ ಚೀನಾದೊಡನೆ 'ಹ್ಯಾಂಡ್ ಇನ್ ಹ್ಯಾಂಡ್', 2009ರಲ್ಲಿ ಮಾಲ್ಡೀವ್ಸ್ ಜೊತೆ 'ಏಕುವೆರಿನ್' ಮತ್ತು 2022ರಲ್ಲಿ ಜಪಾನಿನೊಡನೆ 'ಧರ್ಮ ಗಾರ್ಡಿಯನ್' ಇಲ್ಲಿ ನಡೆದವು. 'ಏಕುವೆರಿನ್' ಎಂದರೆ ಧಿವೇಹಿ ಭಾಷೆಯಲ್ಲಿ ಸ್ನೇಹಿತರು ಎಂದರ್ಥ.