ನಿಮಗಿದು ಗೊತ್ತೇ? ಅರವತ್ತು ದಾಟಿದ ಗಂಡಸರ ಊಟದೆಲೆ

● ಅಮೆರಿಕದ 46,000ಕ್ಕೂ ಹೆಚ್ಚು ಗಂಡಸರ ಊಟತಿಂಡಿಯ ವಿವರವನ್ನು ವರ್ಷಗಟ್ಟಲೆ ಕಲೆಹಾಕಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕಾರ್ಖಾನೆಯ ಅತಿಸಂಸ್ಕರಿತ ತಿನಿಸನ್ನು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ ಗುಂಪಿನಲ್ಲಿ, ಎಲ್ಲರಿಗಿಂತ ಕಡಿಮೆ ತಿನ್ನುತ್ತಿದ್ದ ಗುಂಪಿಗಿಂತ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 29ರಷ್ಟು ಜಾಸ್ತಿ ಇತ್ತು. ಅದೇ ಅಧ್ಯಯನದ ಹೆಂಗಸರಲ್ಲಿ ಒಟ್ಟಾರೆಯಾಗಿ ಇಂಥ ನಂಟು ಕಾಣಲಿಲ್ಲ. ನಂಟು ಕಂಡಿತೆಂದ ಮಾತ್ರಕ್ಕೆ ಇದರಿಂದಲೇ ಅದು ಬಂತು ಎಂದು ಹೇಳಲಾಗದು, ನಿಜ. ಆದರೆ ದಿನಕ್ಕೆ ಮೂರು ಹೊತ್ತು ಬಿಸ್ಕತ್ತಿನ ಡಬ್ಬಿಗೆ ಕೈಹಾಕುವ ಯಜಮಾನರು ಈ ಸಂಖ್ಯೆಯನ್ನು ಒಮ್ಮೆ ಓದಿಕೊಳ್ಳಬೇಕು.

● ಹಾಗಾದರೆ ಯಾವುದು ಅತಿಸಂಸ್ಕರಿತ? ಬೀಸುವುದು, ಕುಟ್ಟುವುದು, ಹೆಪ್ಪು ಹಾಕುವುದು, ಹಿಟ್ಟನ್ನು ಹುದುಗು ಬರಿಸುವುದು ಎಲ್ಲವೂ ಒಂದು ಬಗೆಯ ಸಂಸ್ಕರಣೆಯೇ. ಮೊಸರಾಗಲಿ ಇಡ್ಲಿಯಾಗಲಿ ಇಲ್ಲಿ ಆರೋಪಿಗಳಲ್ಲ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು ಆಹಾರವನ್ನು ನಾಲ್ಕು ಗುಂಪು ಮಾಡಿದರು. ನಾಲ್ಕನೆಯದೇ ಈ ಗುಂಪು: ಮನೆಯ ಅಡುಗೆಮನೆಯಲ್ಲಿ ಯಾರೂ ಇಟ್ಟುಕೊಳ್ಳದ ಮಾಲ್ಟೋಡೆಕ್ಸ್ಟ್ರಿನ್, ಇನ್ವರ್ಟ್ ಸಿರಪ್, ಎಮಲ್ಸಿಫೈಯರ್, ಕೃತಕ ಪರಿಮಳ ಇವೆಲ್ಲ ಸೇರಿ ಆಗುವ ಪೊಟ್ಟಣದ ತಿನಿಸು.

● ನಮ್ಮ ಕರಾವಳಿಯ ಕುಚ್ಚಲಕ್ಕಿ ಒಳ್ಳೆಯ ಸಂಸ್ಕರಣೆಗೆ ಸಾಕ್ಷಿ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದಿಷ್ಟು ಕಾಳಿನೊಳಕ್ಕೆ ಇಳಿಯುತ್ತವೆ. ಆಮೇಲೆ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಅವು ಪೂರ್ತಿ ಹೋಗುವುದಿಲ್ಲ.

● ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಉಳಿಸಿಕೊಂಡು ಎರಡು ವಾರ ಅತಿಸಂಸ್ಕರಿತ ಊಟ, ಎರಡು ವಾರ ಸಹಜ ಊಟ ಬಡಿಸಿತು. ಮುಂದಿಟ್ಟ ಊಟಗಳಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಹೆಚ್ಚುಕಡಿಮೆ ಸಮನಾಗಿದ್ದವು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಪೊಟ್ಟಣದ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚಿಗೆ ತಿಂದರು, ಬೇಗ ಬೇಗನೂ ತಿಂದರು, ಎರಡೇ ವಾರದಲ್ಲಿ ಸುಮಾರು ಒಂದು ಕೆ.ಜಿ. ದಪ್ಪಗಾದರು. 2019ರ ಈ ಪ್ರಯೋಗದಲ್ಲಿದ್ದವರು ಹೆಚ್ಚಾಗಿ ಎಳೆಯರು. ಆದರೂ 'ನನಗೆ ನಾಲಿಗೆ ಮೇಲೆ ಹಿಡಿತವಿಲ್ಲ' ಎಂದು ತಮ್ಮನ್ನೇ ಹಳಿದುಕೊಳ್ಳುವ ಹಿರಿಯರಿಗೆ ಇದು ಸಮಾಧಾನದ ಮಾತು. ತಪ್ಪಿನಲ್ಲಿ ದೊಡ್ಡ ಪಾಲು ಪೊಟ್ಟಣದ್ದು.

● ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತು ದಾಟಿದ ಮೇಲೆ ಇನ್ನೂ ವೇಗವಾಗಿ. ಕುರ್ಚಿಯಿಂದ ಏಳಲು ಕೈ ಊರಬೇಕಾಗುವುದು, ಬಸ್ಸಿನ ಮೆಟ್ಟಿಲು ಎತ್ತರವೆನಿಸುವುದು ಇದೇ ಕಾರಣಕ್ಕೆ. ಅರವತ್ತೈದು ಮೀರಿದವರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಬೇಕು. ಸಂಜೆ ಕಾಫಿಯ ಜೊತೆಗಿನ ನಾಲ್ಕು ಮೇರಿ ಬಿಸ್ಕತ್ತಿನಲ್ಲಿ ಪ್ರೋಟೀನ್ ಎರಡು ಗ್ರಾಂ ದಾಟುವುದೇ ಕಷ್ಟ. ಒಂದು ಹಿಡಿ ಹುರಿಗಡಲೆಯಲ್ಲಿ ಆರು ಗ್ರಾಂ ಇದೆ.

● ಇನ್ನು ಡಬ್ಬಿಯ ವಿಷಯ. ಅಮೆರಿಕದಿಂದ ಬರುವ ಮಗ ಅಪ್ಪನಿಗೆಂದು ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿ ತರುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ. ಅಂಥ ಮಕ್ಕಳು ಎರಡು ದೊಡ್ಡ ಪ್ರಯೋಗಗಳ ಕಥೆ ಕೇಳಬೇಕು, ಎರಡೂ ಗಂಡಸರ ಮೇಲೆಯೇ ನಡೆದವು.

ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿಕೊಂಡರು. ಕ್ಯಾರೆಟ್ಟು, ಸೊಪ್ಪು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಆಗ ತಿಳಿದಿತ್ತು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದಾದೀತು ಎಂಬುದು ಎಣಿಕೆ. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಎರಡನೆಯದು 2001ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಶುರುವಾದದ್ದು. 35,000ಕ್ಕೂ ಹೆಚ್ಚು ಹಿರಿಯ ಗಂಡಸರು ಅದರಲ್ಲಿದ್ದರು. ಸೆಲೆನಿಯಂ ಮತ್ತು ವಿಟಮಿನ್ ಇ ಮಾತ್ರೆಗಳು ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತವೆಯೇ ಎಂದು ನೋಡುವುದು ಉದ್ದೇಶ. ತಡೆಯಲಿಲ್ಲ. ವಿಟಮಿನ್ ಇ ಒಂದನ್ನೇ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೇ ಕಂಡಿತೆಂದು 2011ರಲ್ಲಿ ವರದಿಯಾಯಿತು. ಕಡಲೆಕಾಯಿಯಲ್ಲಿ, ಸೊಪ್ಪಿನಲ್ಲಿ ಇರುವ ವಿಟಮಿನ್ ಇ ನೂರೆಂಟು ವಸ್ತುಗಳ ಜೊತೆ, ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಗುತ್ತದೆ. ಅದನ್ನು ಒಂಟಿಯಾಗಿ ಕಿತ್ತು ಹತ್ತಾರು ಪಟ್ಟು ನುಂಗಿದರೆ ಅದು ಬೇರೆಯೇ ವಸ್ತು. ಇನ್ನು ಪ್ರೋಟೀನ್ ಪುಡಿಯಲ್ಲಿ ಸೇರಿಸಿದ ಸಕ್ಕರೆ, ಕೃತಕ ಪರಿಮಳ ಇರಬಹುದೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ತನ್ನ 2024ರ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ.

● ನೆದರ್ಲೆಂಡ್ಸ್‌ನ ಜುಟ್ಫೆನ್ ಪಟ್ಟಣದ 65ರಿಂದ 84 ವಯಸ್ಸಿನ 805 ಗಂಡಸರನ್ನು ಐದು ವರ್ಷ ಗಮನಿಸಿದರು. ಫ್ಲೇವನಾಯ್ಡ್ ಎಂಬ ಸಸ್ಯವಸ್ತು ಹೆಚ್ಚು ತಿಂದವರು ಹೃದಯದ ಕಾಯಿಲೆಯಿಂದ ಸತ್ತದ್ದು ಕಡಿಮೆ. ಅವರಿಗೆ ಅದು ದೊರೆತದ್ದು ಮುಖ್ಯವಾಗಿ ಚಹಾ, ಈರುಳ್ಳಿ, ಸೇಬಿನಿಂದ.

● ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಸುಣ್ಣದಂಶವಿದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದರ ಮೂರರಷ್ಟು. ಮೂಳೆ ಸವೆಯುವುದು ಹೆಂಗಸರ ಕಾಯಿಲೆ ಎಂದು ತಿಳಿದವರೇ ಹೆಚ್ಚು. ಐವತ್ತು ದಾಟಿದ ಐವರು ಗಂಡಸರಲ್ಲಿ ಒಬ್ಬರಿಗೆ ಸವೆದ ಮೂಳೆ ಮುರಿಯುವ ಸಂಭವವಿದೆ. ರಾಗಿಯಲ್ಲಿರುವ ಫೈಟೇಟ್ ಆ ಸುಣ್ಣವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿ ಬೀಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿ ಕೊಟ್ಟ ಲಕ್ಷ್ಮಣಯ್ಯನವರನ್ನು ನಾವು ಇನ್ನಷ್ಟು ನೆನೆಯಬೇಕಿತ್ತು. ಒಂದು ಎಚ್ಚರಿಕೆ: ಸಕ್ಕರೆ ಕಾಯಿಲೆಗೆ ರಾಗಿ ಮದ್ದೆಂದು ಎರಡೆರಡು ಮುದ್ದೆ ಉಣ್ಣುವುದು ಸರಿಯಲ್ಲ. ಮುದ್ದೆಯೂ ಪಿಷ್ಟವೇ. ಮುದ್ದೆ ಸಣ್ಣದಿರಲಿ, ಸೊಪ್ಪುಕಾಳಿನ ಸಾರು ಜಾಸ್ತಿಯಿರಲಿ.

● ವಯಸ್ಸಾದಂತೆ ನಾಲಿಗೆಯ ರುಚಿ, ಮೂಗಿನ ವಾಸನೆ ಮಂದವಾಗುತ್ತವೆ. 'ಸಾರು ಸಪ್ಪೆ' ಎಂಬ ಅಪ್ಪನ ದೂರು ಅಡುಗೆಯ ದೋಷವಲ್ಲ. ಹಾಗೆಂದು ಉಪ್ಪು ಸುರಿಯುವಂತಿಲ್ಲ: ದಿನದ ಉಪ್ಪು ಒಟ್ಟು 5 ಗ್ರಾಂ ಒಳಗಿರಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೊಟ್ಟಣದ ಪೋಷಕಾಂಶಗಳ ಪಟ್ಟಿಯಲ್ಲಿ ಉಪ್ಪೆಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ, ಎರಡೂವರೆಯಿಂದ ಗುಣಿಸಿ. 800 ಮಿ.ಗ್ರಾಂ ಸೋಡಿಯಂ ಎಂದರೆ ಎರಡು ಗ್ರಾಂ ಉಪ್ಪು. ಮನೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೂ ಈ ಲೆಕ್ಕದಿಂದ ವಿನಾಯಿತಿ ಇಲ್ಲ. ನಿಂಬೆಹುಳಿ, ಶುಂಠಿ, ಕಾಳುಮೆಣಸು, ಕೊತ್ತಂಬರಿಗಳಿಂದ ರುಚಿ ಏರಿಸಬಹುದು.

● ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದೇ ಮೊದಲು ಬರಬೇಕೆಂಬುದು ನಿಯಮ. ಮುಂದೆ 'ಮಲ್ಟಿಗ್ರೇನ್' ಎಂದಿದ್ದು ಹಿಂದೆ ಮೊದಲ ಹೆಸರು ಸಂಸ್ಕರಿತ ಗೋಧಿ ಹಿಟ್ಟು ಎಂದಿದ್ದರೆ, ಅದು ಮೈದಾ.

● ಬೂತಾಯಿ ಮೀನನ್ನು ಎಳೆ ಮುಳ್ಳಿನ ಸಮೇತ ತಿಂದರೆ ಹೃದಯಕ್ಕೆ ಒಮೆಗಾ 3, ಮೂಳೆಗೆ ಸುಣ್ಣ ಎರಡೂ ಸಿಗುತ್ತವೆ. ಆದರೆ ಸಾಸೇಜು, ಸಲಾಮಿಯಂಥ ಸಂಸ್ಕರಿತ ಮಾಂಸವನ್ನು 2015ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಗಿದೆ.

● ಹಲ್ಲು ಬಿದ್ದದ್ದೇ ಅನೇಕರನ್ನು ಬನ್ನು, ರಸ್ಕು, ಬಿಸ್ಕತ್ತಿನ ಕಡೆ ತಳ್ಳುತ್ತದೆ. ಅಗಿಯಲಾಗದವರಿಗೆ ನಮ್ಮಲ್ಲಿ ಅಂಬಲಿ, ಹೆಸರುಬೇಳೆ ಪೊಂಗಲ್, ಮಸೆದ ಸೊಪ್ಪಿನ ಸಾರು, ಕಿವುಚಿದ ಪಪ್ಪಾಯಿ ಇವೆ. ಸರಿಯಾಗಿ ಕೂರುವ ಹಲ್ಲಿನ ಸೆಟ್ಟು ಮಾಡಿಸಿಕೊಟ್ಟರೆ ಅಪ್ಪನ ಇಡೀ ಊಟವೇ ಬದಲಾದೀತು.

● ಮಾತ್ರೆ ಬೇಕೇಬೇಕಾದ ಸಂದರ್ಭಗಳೂ ಇವೆ. ಬಿ12 ಸಸ್ಯಾಹಾರದಲ್ಲಿ ಹಾಲುಮೊಸರು ಬಿಟ್ಟರೆ ಬಹುತೇಕ ಇಲ್ಲ, ವಯಸ್ಸಾದ ಹೊಟ್ಟೆ ಅದನ್ನು ಹೀರುವುದೂ ಕಡಿಮೆ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಅದನ್ನು ಇನ್ನೂ ತಗ್ಗಿಸುತ್ತದೆ. ಕಾಲು ಜುಮ್ಮೆನ್ನುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಊಟದಲ್ಲೂ ಎಚ್ಚರ ಬೇಕಾದವರಿದ್ದಾರೆ: ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ದಿನವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಮೂತ್ರಪಿಂಡ ಸೋತವರಿಗೆ ಎಳನೀರು, ಬಾಳೆಹಣ್ಣಿನ ಪೊಟ್ಯಾಸಿಯಂ ಅಪಾಯ ತರಬಲ್ಲದು.

● ಕಡೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೆಂಡತಿ ತೀರಿಕೊಂಡ ಮೇಲೆ, ಅಥವಾ ಅವಳು ಬಾಣಂತನಕ್ಕೆಂದು ಮಗಳ ಊರಿಗೆ ಹೋದಾಗ, ಬೇಕರಿಯ ಬನ್ನಿನಲ್ಲೇ ದಿನ ದೂಡುವ ಗಂಡಸರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೆ ದುಡ್ಡಿನ ಕೊರತೆಯಲ್ಲ, ಒಲೆ ಹಚ್ಚಿ ಅಭ್ಯಾಸವಿಲ್ಲ. ಹುರುಳಿಕಾಳಿನಿಂದ ಶುರುಮಾಡಿ: ನೂರು ಗ್ರಾಂಗೆ 20 ಗ್ರಾಂ ಮೀರಿ ಪ್ರೋಟೀನ್ ಇದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮಾರನೆಯ ದಿನ ಮೊಳಕೆ ಬಂದಿರುತ್ತದೆ. ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ, ಕಟ್ಟು ಬಸಿದಿಟ್ಟು, ಕಾಳಿಗೆ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಡಿ. ಕಟ್ಟಿಗೆ ಹುಣಸೆಹುಳಿ, ಸಾರಿನ ಪುಡಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಫ್ರಿಜ್ಜಿನಲ್ಲಿ ಎರಡು ದಿನ ಕೆಡುವುದಿಲ್ಲ.